ಕೊನೆಯ ಕಂಬದ ಮನೆ

ಜುಲೈ ತಿಂಗಳಲ್ಲಿ ಶಿರಸಿ ಸೀಮೆಯ ಘಟ್ಟದಂಚಿನ ಊರುಗಳಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಫೋನ್ ಹೋದರೆ ಯೋಗಕ್ಷೇಮಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ: "ನಿಂಗ್ಳಲ್ಲಿ ಕರೆಂಟ್ ಇದ್ದಾ?" ಹೊರಗಿನವರ ಕಿವಿಗೆ ಇದು ಬರೀ ಲೋಕಾಭಿರಾಮ. ಊರಿನವರಿಗೆ ಇದು ತನಿಖೆ. ಮೇಲಿನ ಕೇರಿಯಲ್ಲಿದ್ದು ಕೆಳಗಿನ ಕೇರಿಯಲ್ಲಿ ಇಲ್ಲವೆಂದರೆ ಮರ ಬಿದ್ದದ್ದು ಹಳ್ಳದ ಈಚೆಗೆ. ಇಬ್ಬರಲ್ಲೂ ಇಲ್ಲದಿದ್ದರೆ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಕಡೆ ಅನುಮಾನ. ಸುತ್ತಲ ನಾಲ್ಕು ಊರಲ್ಲೂ ಇಲ್ಲವೆಂದರೆ ಚಿಮಣಿ ಒರೆಸಿಟ್ಟುಕೊಂಡು ಸುಮ್ಮನೆ ಕೂರುವುದು. ಹೀಗೆ ಹತ್ತು ನಿಮಿಷದಲ್ಲಿ ದೋಷ ಎಲ್ಲಿದೆಯೆಂಬುದು ಊರಿಗೆ ಗೊತ್ತಾಗಿರುತ್ತದೆ. ಇಬ್ಬರು ಕೊಪ್ಪೆ ಹೊದ್ದು, ಉಂಬಳಕ್ಕೆ (ಜಿಗಣೆಗೆ) ಸುಣ್ಣ-ಹೊಗೆಸೊಪ್ಪು ಇಟ್ಟುಕೊಂಡು, ಲೈನಿನ ಅಡಿಯಲ್ಲೇ ನಡೆದು ಬಿದ್ದ ಕೊಂಬೆಯನ್ನು ಕಣ್ಣಾರೆ ಕಂಡೂ ಬರುತ್ತಾರೆ. ಆದರೆ ಅದನ್ನು ಮುಟ್ಟುವಂತಿಲ್ಲ. ಮುಟ್ಟಬಲ್ಲ ಲೈನ್‌ಮನ್‌ಗೆ ಆ ದಿನ ಇಂಥವು ಇಪ್ಪತ್ತು ಕಡೆ. ಎಲ್ಲಿ ಬಿದ್ದಿದೆಯೆಂದು ಅವನಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವನಿಗೆ ಗೊತ್ತಾಗುವ ದಾರಿಯಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂಬ ಈ ಮೂರು ತಾಲ್ಲೂಕುಗಳಲ್ಲಿ ನೀರು, ಬೆಳಕು, ಫೋನು ಎಂಬ ಮೂಲಸೌಕರ್ಯಗಳ ಕಷ್ಟವನ್ನು ನಾವು ಸಾಮಾನ್ಯವಾಗಿ ಹಣದ ಕೊರತೆಯೆಂದೋ ದಾರಿಯ ದೂರವೆಂದೋ ವಿವರಿಸುತ್ತೇವೆ. ನನಗೆ ಅದು ಬಹುಮಟ್ಟಿಗೆ ಅರಿವಿಗೂ ಅಧಿಕಾರಕ್ಕೂ ನಡುವಿನ ಈ ಅಗಲಿಕೆಯ ಕಷ್ಟವೆಂದೇ ತೋರುತ್ತದೆ.

ಈ ಮೂರನ್ನೂ ಒಂದೇ ಉಸಿರಿನಲ್ಲಿ ಮಲೆನಾಡು ಎಂದುಬಿಡುವುದು ರೂಢಿ. ಆದರೆ ನೆರೆಮನೆ ಎಂಬ ಮಾತಿಗೆ ಇಲ್ಲಿ ಬೇರೆ ಬೇರೆ ಅಳತೆಗಳಿವೆ. ಶಿರಸಿಯಿಂದ ಮೂಡಣಕ್ಕೆ, ವರದೆಯ ದಂಡೆಯ ಬನವಾಸಿ ಕಡೆ ಹೋದರೆ ಬಯಲುಸೀಮೆಯಂತೆ ಗುಂಪುಗಟ್ಟಿದ ಊರುಗಳು. ಗೋಡೆಗೆ ಗೋಡೆ ತಾಗಿದ ಓಣಿ, ಒಂದು ಕಂಬಕ್ಕೆ ಹಲವು ಮನೆ. ಅಲ್ಲಿ ಒಬ್ಬರ ಮನೆಯ ನಲ್ಲಿ ನಿಂತರೆ ಓಣಿಯೆಲ್ಲ ಬೀದಿಗಿಳಿಯುತ್ತದೆ. ಪಡುವಣಕ್ಕೆ, ದೇವನಳ್ಳಿ, ನಿಲ್ಕುಂದಗಳ ಕಡೆ ತಿರುಗಿದರೆ ಊರು ಎಂಬುದು ಕಂದಾಯದ ಪಹಣಿಯಲ್ಲಿ ಮಾತ್ರ ಒಂದು. ಈ ಕಣಿವೆಯಲ್ಲಿ ಎರಡು ಮನೆ, ಗುಡ್ಡ ದಾಟಿದರೆ ಮತ್ತೊಂದು, ಕಾಲುಸಂಕದ ಆಚೆ ಮೂರು. ಯಲ್ಲಾಪುರದ ಕಾಡಿನ ನಡುವೆ ಸಿದ್ದಿ, ಕುಣಬಿ ಸಮುದಾಯಗಳ ಪುಟ್ಟ ಮಜರೆಗಳು. ಕಿರವತ್ತಿಯ ಕಡೆ ದನ ಸಾಕುವ ಗೌಳಿಗಳ ವಾಡಗಳು. ಇನ್ನು ಶಿರಸಿ ಪೇಟೆಯ ಸುತ್ತ ಈ ಕಣಿವೆಗಳಿಂದಲೇ ಬಂದವರು ಮನೆ ಕಟ್ಟಿಕೊಂಡ ಬಡಾವಣೆಗಳು. ಅಲ್ಲಿ ಕಾಂಪೌಂಡಿನಾಚೆಯವರ ಕಾರಿನ ಬಣ್ಣ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ.

ಸರ್ಕಾರದ ಯಾವ ಯೋಜನೆಯನ್ನು ಬಿಚ್ಚಿ ನೋಡಿದರೂ ಅದರ ಮನಸ್ಸಿನಲ್ಲಿರುವ ಚಿತ್ರ ಓಣಿಯದು. ಇಷ್ಟು ಮೀಟರ್ ಪೈಪಿಗೆ ಇಷ್ಟು ಮನೆ, ಇಷ್ಟು ಕಂಬಕ್ಕೆ ಇಷ್ಟು ಕರೆಂಟಿನ ಮೀಟರ್ ಎಂಬ ಗುಣಾಕಾರ. ಚದುರಿದ ಊರಿಗೆ ಬಂದಾಗ ಗುಣಾಕಾರ ತಪ್ಪುತ್ತದೆ. ಆಗ ಒಂದು ಮಾತು ಕೇಳಿಬರುತ್ತದೆ, ಕಚೇರಿಗಳಲ್ಲಿ ಮೆಲ್ಲಗೆ, ಪೇಟೆಯ ಚಹದಂಗಡಿಗಳಲ್ಲಿ ಜೋರಾಗಿ: "ಎರಡು ಮನೆಗೋಸ್ಕರ ಒಂದು ಮೈಲಿ ಲೈನ್ ಎಳೆಯಬೇಕೆ? ಯಾರು ಹೇಳಿದರು ಇವರಿಗೆ ಕಾಡಿನೊಳಗೆ ಕೂರಲು?"

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಎರಡು ಮನೆಯ ಲೈನಿಗೆ ಸುರಿಯುವ ದುಡ್ಡು ಯಾವುದೋ ಓಣಿಯ ಹತ್ತು ಮನೆಗಳಿಂದಲೂ ಬಂದದ್ದೇ. ಆದರೆ ಯಾರು ಹೇಳಿದರು ಎಂಬುದಕ್ಕೆ ಉತ್ತರವಿದೆ, ಒಂದು ಪಾಲು ಸರ್ಕಾರವೇ ಹೇಳಿತು. ಇಲ್ಲಿಯ ಅಡಿಕೆ ತೋಟ ಹಿಂದಿನಿಂದಲೂ ನೀರಿರುವ ಕಣಿವೆಯ ತಳದಲ್ಲಿ ಬೆಳೆದದ್ದು, ಅದಕ್ಕೆ ಮೇಲಿನ ಬೆಟ್ಟದ ಸೊಪ್ಪು, ದರಕು (ಒಣಗಿದೆಲೆ) ಬೇಕು. ಬ್ರಿಟಿಷರ ಕಾಲದಲ್ಲಿ ಘಟ್ಟದ ಮೇಲಿನ ಈ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಲೆಕ್ಕ ಗೊತ್ತಾಯಿತು. ಎರಡು ಎಕರೆ ತೋಟದವನ ಮನೆಯ ಮೇಲೆ ಹದಿನೆಂಟು ಎಕರೆ ಬೆಟ್ಟ ಎಂದ ಮೇಲೆ ಪಕ್ಕದ ಮನೆ ಪಕ್ಕದಲ್ಲಿ ಇರುವುದು ಹೇಗೆ? ಚದುರುವಿಕೆ ಇಲ್ಲಿ ಯಾರ ಶೋಕಿಯೂ ಅಲ್ಲ, ನೆಲವೂ ಕಾನೂನೂ ಸೇರಿ ಹಾಕಿದ ನಕ್ಷೆ. ಆ ನಕ್ಷೆಯ ಮೇಲೆ ತೀರ್ವೆ ಎತ್ತಿದ್ದಾಗಿದೆ, ಅಡಿಕೆಯ ವಹಿವಾಟಿನಿಂದ ಪೇಟೆ ಬೆಳೆದದ್ದೂ ಆಗಿದೆ. ಲೈನ್ ಎಳೆಯುವಾಗ ಮಾತ್ರ ಇದು ನಿಮ್ಮ ಆಯ್ಕೆ ಅನ್ನುವುದು ಸರಿಯಾದ ಲೆಕ್ಕವಲ್ಲ.

ಹಾಗಾದರೆ ಚದುರಿದ ಈ ಮನೆಗಳಿಗೆ ಮೊದಲು ನೀರು ಹೇಗೆ ಬರುತ್ತಿತ್ತು? ಅಬ್ಬಿಯಿಂದ. ಬೆಟ್ಟದ ಸೆರಗಿನಲ್ಲಿ ಬಂಡೆಯಡಿಯ ಒರತೆಗೆ ಚಿಕ್ಕದೊಂದು ಕಟ್ಟು. ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆಗಳನ್ನು ಕವಲುಗೂಟದ ಮೇಲೆ ಒಂದರ ಬಾಯಿಗೊಂದು ಕೂರಿಸಿದರೆ ನೀರು ತಾನೇ ಇಳಿದು ಬಚ್ಚಲಿಗೆ ಬರುತ್ತಿತ್ತು. ಹಗಲೂ ರಾತ್ರಿ ಬೀಳುವ ನೀರು, ತಿರುಗಿಸಲು ನಲ್ಲಿಯಿಲ್ಲ, ಮಿಕ್ಕದ್ದು ತೋಟದ ಪಾಲು. ದಂಬೆಯ ಜಾಗಕ್ಕೆ ಕಪ್ಪು ಪೈಪು ಬಂದು ಎಷ್ಟೋ ವರ್ಷವಾಯಿತು, ತತ್ವ ಬದಲಾಗಿಲ್ಲ. ಇದರ ಯಂತ್ರಶಾಸ್ತ್ರದಲ್ಲಿ ವಿಶೇಷವೇನಿಲ್ಲ, ದುರಸ್ತಿಯಲ್ಲಿ ವಿಶೇಷವಿತ್ತು. ನೀರು ನಿಂತರೆ ಏಕೆ ನಿಂತಿತೆಂದು ಮನೆಯ ಹುಡುಗನಿಗೂ ಗೊತ್ತು: ಬಾಯಿಗೆ ಎಲೆ ಕಟ್ಟಿದೆ, ಇಲ್ಲವೆ ಕಾಡುಹಂದಿ ಪೈಪು ಸರಿಸಿದೆ, ಇಲ್ಲವೆ ಒಳಗೆ ಗಾಳಿ ಹಿಡಿದಿದೆ. ಗಾಳಿ ಹಿಡಿದರೆ ತಗ್ಗಿನ ಜಾಗದಲ್ಲಿ ಜೋಡು ಬಿಚ್ಚಿ ಬಾಯಲ್ಲಿ ಎಳೆಯುವುದು. ಎರಡು ಮನೆಗೆ ಒಂದೇ ಒರತೆಯಾದರೆ ಎರಡೂ ಮನೆಯವರು ಮಳೆಗಾಲದ ಮುಂಚೆ ಒಂದು ದಿನ ಹೋಗಿ ಕಟ್ಟು ಸರಿಮಾಡುವುದು. ಬಿಲ್ಲಿಲ್ಲ, ದೂರು ಪುಸ್ತಕವಿಲ್ಲ. ನೆರೆಯವನೊಡನೆ ಬೇಲಿಯ ಜಗಳವಿದ್ದರೂ ನೀರಿನ ಕಟ್ಟಿಗೆ ಒಟ್ಟಿಗೆ ಹೋಗಲೇಬೇಕು.

ಇದನ್ನು ಬರೆಯುವಾಗ ಕೈ ಸ್ವಲ್ಪ ಮೆತ್ತಗಾಗುತ್ತದೆ, ಅಲ್ಲೇ ಎಚ್ಚರ ಬೇಕು. ಒರತೆ ಯಾರ ಬೆಟ್ಟದಲ್ಲಿದೆಯೋ ನೀರು ಅವರ ಮನೆಗೆ. ಬೆಟ್ಟ ಯಾರದೆಂದರೆ ತೋಟವಿದ್ದವರದು. ತೋಟದ ಕೆಲಸಕ್ಕೆ ಬರುವವರ ಕೇರಿಯವರೆಗೆ ದಂಬೆ ಉದ್ದವಾಗಲಿಲ್ಲ. ಅಲ್ಲಿಯ ಹೆಂಗಸರು ಕೊಡ ಹೊತ್ತು ಹಳ್ಳಕ್ಕಿಳಿದರು, ಇಲ್ಲವೆ ತೋಟದ ಒಡೆಯರ ಮನೆಯ ಹಿತ್ತಲಿನಲ್ಲಿ ಹೊರಗೆ ನಿಂತು ತುಂಬಿಸಿಕೊಂಡರು. ಹಾಗಾಗಿ ಬೀದಿಯ ಸರ್ಕಾರಿ ನಲ್ಲಿ ಆ ಕೇರಿಗಳಿಗೆ ಬಂದಾಗ ಬಂದದ್ದು ನೀರಷ್ಟೇ ಅಲ್ಲ, ಯಾರ ಹಂಗೂ ಇಲ್ಲದ ನೀರು. 'ಮೊದಲೆಲ್ಲ ಎಷ್ಟು ಚೆನ್ನಾಗಿತ್ತು' ಎಂದು ಅಬ್ಬಿಯ ಸ್ತೋತ್ರ ಹಾಡುವ ನಮ್ಮವರು ಈ ಅರ್ಧವನ್ನು ನುಂಗಿಬಿಡುತ್ತಾರೆ. ನಾನು ಅಬ್ಬಿಯ ಕಾಲಕ್ಕೆ ಮರಳಿ ಎನ್ನುತ್ತಿಲ್ಲ. ಅಬ್ಬಿಯ ದುರಸ್ತಿಯ ಕ್ರಮವೂ ನಲ್ಲಿಯ ಹಕ್ಕೂ ಒಂದೇ ಕಡೆ ಏಕೆ ಸೇರಲಿಲ್ಲ ಎಂದು ಕೇಳುತ್ತಿದ್ದೇನೆ.

2019ರಲ್ಲಿ ಬಂದ ಜಲಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂಬ ಹೆಸರಿನದು, ಕಾಗದದ ಮೇಲೆ ಬಹಳ ವಿವೇಕದ ಯೋಜನೆ. ತಲೆಗೆ ದಿನಕ್ಕೆ 55 ಲೀಟರ್, ನಿಯಮಿತವಾಗಿ, ಕುಡಿಯಲು ಯೋಗ್ಯವಾಗಿ ಬಂದರೆ ಮಾತ್ರ ಅದು ಕೆಲಸ ಮಾಡುವ ನಲ್ಲಿ ಎಂದು ಅದೇ ಹೇಳುತ್ತದೆ. ಊರಿನವರ ವಂತಿಗೆ ಹಣದಲ್ಲೂ ಆಗಬಹುದು, ಶ್ರಮದಲ್ಲೂ ಆಗಬಹುದು. ಗುಡ್ಡಗಾಡು, ಕಾಡಿನ ಊರುಗಳಿಗೆ ಉಳಿದೆಡೆಯ ಶೇ 10ರ ಬದಲು ಶೇ 5 ಸಾಕು. ಚದುರಿದ ಊರಿನ ಖರ್ಚು ಬೇರೆ ಎಂಬುದನ್ನು ಯೋಜನೆಯೇ ಒಪ್ಪಿಕೊಂಡಂತಾಯಿತು. ಆದರೆ ಪ್ರಗತಿ ಪರಿಶೀಲನೆಯ ಸಭೆಯಲ್ಲಿ ಎಣಿಕೆಯಾಗುವುದು ಅಂಗಳದಲ್ಲಿ ನೆಟ್ಟ ನಲ್ಲಿ. ಲೀಟರ್ ಎಣಿಸುವುದು ಕಷ್ಟ, ನಲ್ಲಿ ಎಣಿಸುವುದು ಸುಲಭ. ನಲ್ಲಿಗೆ ನೀರು ತರಲು ಅನೇಕ ಕಡೆ ಹಿಡಿದ ದಾರಿ ಕೊಳವೆಬಾವಿ, ಪಂಪು, ಎತ್ತರದ ಟ್ಯಾಂಕು. ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ತಾಲ್ಲೂಕಿನಲ್ಲಿ, ಗುಡ್ಡದ ಮೇಲಿಂದ ತಾನಾಗಿ ಇಳಿಯುವ ನೀರನ್ನು ಬಿಟ್ಟು, ನೆಲದೊಳಗಿನ ನೀರನ್ನು ಕರೆಂಟಿನಿಂದ ಮೇಲೆತ್ತುವುದು!

ಅದರ ಫಲ ಜುಲೈನಲ್ಲಿ ಕಾಣುತ್ತದೆ. ಮರ ಬಿತ್ತು, ಲೈನು ಹೋಯಿತು, ಪಂಪು ನಿಂತಿತು, ನಲ್ಲಿ ಒಣಗಿತು. ಹೊರಗೆ ಮಾಡಿನ ತುದಿಯಿಂದ ಧಾರೆಧಾರೆ ನೀರು, ಒಳಗೆ ಕೊಡ ಖಾಲಿ. ಮೊದಲು ಬೇರೆ ಬೇರೆಯಾಗಿದ್ದ ತೊಂದರೆಗಳನ್ನು ನಾವೇ ಒಂದೇ ತಂತಿಗೆ ಪೋಣಿಸಿದ್ದೇವೆ. ಫೋನೂ ಅದೇ ತಂತಿಯಲ್ಲಿದೆ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದ ಮೇಲೆ ಸಿಗ್ನಲ್ ಹೋಗುತ್ತದೆ. ಕರೆಂಟು ಇಷ್ಟು ಹೊತ್ತಿನೊಳಗೆ ಸರಿಯಾಗಬೇಕು, ತಡವಾದರೆ ಗ್ರಾಹಕನಿಗೆ ಪರಿಹಾರ ಎಂದು ವಿದ್ಯುತ್ ನಿಯಂತ್ರಣ ಆಯೋಗದ ಸೇವಾ ಮಾನದಂಡಗಳಿವೆ, ಪಟ್ಟಣಕ್ಕೆ ಚಿಕ್ಕ ಗಡುವು, ಹಳ್ಳಿಗೆ ಉದ್ದದ್ದು. ಗಡುವಿನ ಲೆಕ್ಕ ಶುರುವಾಗಬೇಕಾದರೆ ದೂರು ದಾಖಲಾಗಬೇಕು, ದೂರು ಕೊಡಲು ಫೋನು ನಡೆಯಬೇಕು, ಫೋನು ನಡೆಯಲು ಕರೆಂಟು ಬೇಕು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್ ಹುಡುಕುತ್ತ ಪುಸ್ತಕ ಹೊತ್ತು ಗುಡ್ಡ ಹತ್ತಿದ್ದನ್ನು ಪತ್ರಿಕೆಗಳು ಫೋಟೋ ಹಾಕಿ ಹೊಗಳಿದವು. ಅದೇ ಗುಡ್ಡವನ್ನು ಅವರ ಅಜ್ಜಂದಿರು ಈಗಲೂ ಮಳೆಯಲ್ಲಿ ದೂರು ಕೊಡಲು ಹತ್ತುತ್ತಾರೆ, ಅದಕ್ಕೆ ಫೋಟೋ ಇಲ್ಲ.

ಇದೆಲ್ಲ ನಡೆಯುವುದು ವಿದ್ಯುತ್ತಿನ ತವರಿನಲ್ಲಿ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಸಿದ್ದಾಪುರದ ಸೆರಗಿನ ಜೋಗದಲ್ಲಿ 1948ರಿಂದ ವಿದ್ಯುತ್ ಹುಟ್ಟುತ್ತಿದೆ. ಆಗ ಶರಾವತಿಯ ಈ ದಂಡೆ ಮುಂಬಯಿ ಪ್ರಾಂತ್ಯ, ಆ ದಂಡೆ ಮೈಸೂರು. ಈಚೆಯವರಿಗೆ ಬಂದದ್ದು ಈ ದಂಡೆಯ ಪ್ರವಾಸಿ ಮಂದಿರವಾದ ಬಾಂಬೆ ಬಂಗಲೆಯಿಂದ ಜಲಪಾತದ ನೋಟ. ಯಲ್ಲಾಪುರ ತಾಲ್ಲೂಕಿನೊಳಗೇ ಕಾಳಿ ನದಿಗೆ ಕೊಡಸಳ್ಳಿ ಅಣೆಕಟ್ಟಿದೆ. ಅದರ ಮಗ್ಗುಲಲ್ಲಿ, ಕಾರವಾರ ತಾಲ್ಲೂಕಿಗೆ ಸೇರಿದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು. ಅವುಗಳಲ್ಲಿ ಮೊದಲನೆಯದು 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲದೆ 962 ದಿನ ಓಡಿ ಜಗತ್ತಿನ ದಾಖಲೆ ಮಾಡಿತು. ಸುದ್ದಿ ಓದಿ ನನಗೂ ಹೆಮ್ಮೆಯಾಯಿತು. ಆದರೆ ಅದೇ ಸೀಮೆಯ ಕೊನೆಯ ಕಂಬದ ಮನೆಯಲ್ಲಿ ಒಂದು ಮಳೆಗಾಲದಲ್ಲಿ ಸತತ ಎಷ್ಟು ದಿನ ದೀಪ ಉರಿಯಿತೆಂದು ಯಾರಾದರೂ ಬರೆದಿಟ್ಟಿದ್ದಾರೆಯೇ? ಊರಲ್ಲೇ ಹುಟ್ಟಿದ ವಿದ್ಯುತ್ ಊರಿಗೆ ಪುಕ್ಕಟೆ ಸಿಗಲಿ ಎಂಬ ವಾದ ನನ್ನದಲ್ಲ. 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಗರಿಷ್ಠ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಇಲ್ಲಿಯ ಎಷ್ಟೋ ಮನೆಗಳ ಬಳಕೆ ಅದಕ್ಕಿಂತ ಎಷ್ಟೋ ಕಡಿಮೆ. ದರ ಈಗ ಪ್ರಶ್ನೆಯೇ ಅಲ್ಲ. ದೊಡ್ಡ ಗೋಪುರದ ಲೈನಿಗೆ ಕಾಡಿನ ನಡುವೆ ಅಗಲವಾದ ಹಾದಿ ಕಡಿದು ವರ್ಷವರ್ಷವೂ ಸವರುತ್ತಾರೆ. ಮನೆಗೆ ಬರುವ ಲೈನು ಮರಗಳ ಕಂಕುಳಲ್ಲಿ ನುಸುಳಿ ಬರುತ್ತದೆ. ಜೋಪಾನದ ವ್ಯತ್ಯಾಸ ಅಷ್ಟೇ, ತಂತ್ರಜ್ಞಾನದ ವ್ಯತ್ಯಾಸವಲ್ಲ.

ದುರಸ್ತಿಯನ್ನು ಹತ್ತಿರ ತಂದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಡ, ಶಿರಸಿಯಲ್ಲೇ ಸಾಕ್ಷಿಯಿದೆ. ದೇಶದ ಎಷ್ಟೋ ಕಡೆ ಸಬ್ಸಿಡಿಯ ಗೋಬರ್ ಗ್ಯಾಸ್ ಗುಂಡಿಗಳು ಎರಡು ವರ್ಷಕ್ಕೆ ಕಸದ ಗುಂಡಿಗಳಾದ ಕಾಲದಲ್ಲಿ ಶಿರಸಿ ಸೀಮೆಯ ಅಡಿಗೆಮನೆಗಳಲ್ಲಿ ಅವು ಉರಿಯುತ್ತಲೇ ಇದ್ದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಇದನ್ನು ಶಿರಸಿಯ ಯಶೋಗಾಥೆ ಎಂದೇ ಕರೆದು ಬರೆದರು. ಕೊಟ್ಟಿಗೆ ತುಂಬ ದನವಿದ್ದದ್ದು ಒಂದು ಕಾರಣ, ನಿಜ. ಆದರೆ ದನ ಎಲ್ಲ ಕಡೆಯೂ ಇದ್ದವು. ಇಲ್ಲಿ ಗುಂಡಿ ಕೆಟ್ಟರೆ ಬಂದು ಸರಿಮಾಡುವ ಹೊಣೆಯನ್ನು ಅದನ್ನು ಕಟ್ಟಿದವನೇ ಹೊತ್ತಿದ್ದ. ಆತ ಪಕ್ಕದೂರಿನವ, ಶುಭಕಾರ್ಯದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಸಿಗುವವ. ಒಲೆ ಉರಿಯದಿದ್ದರೆ ಹೋಳಿಗೆ ಬಡಿಸುವಾಗಲೇ ಕೇಳಬಹುದಿತ್ತು. ಇದಕ್ಕಿಂತ ಗಟ್ಟಿ ಸೇವಾ ಮಾನದಂಡ ಯಾವ ಆಯೋಗ ಬರೆದೀತು?

ಕಾಡಿನ ಮಜರೆಗಳ ಕಥೆ ಬೇರೆ. ಅಲ್ಲಿ ದುರಸ್ತಿಯ ಮಾತಿಗೆ ಬರುವ ಮೊದಲೇ ಅನುಮತಿಯ ಮಾತು ಅಡ್ಡ ನಿಲ್ಲುತ್ತದೆ. ಸಿದ್ದಿಗಳಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದದ್ದು 2020ರಲ್ಲಿ. ಇಷ್ಟಾದರೂ ಎಷ್ಟೋ ಮಜರೆಗೆ ಕಂಬ ನಡೆದು ಹೋಗುವುದನ್ನು ತಡೆಯಲು 'ಅರಣ್ಯ ಭೂಮಿ' ಎಂಬ ಎರಡು ಪದ ಸಾಕು, ಕಡತ ಕೂತುಬಿಡುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಕಲಮು ಇದಕ್ಕೆಂದೇ ಇದೆ. ವಿದ್ಯುತ್ ಲೈನು, ಕುಡಿಯುವ ನೀರು, ರಸ್ತೆ, ಶಾಲೆ ಮುಂತಾದವಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಕಾಡು, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಕೇಳಬೇಕಾದವರಿಗೆ ಹೀಗೊಂದು ಕಲಮಿದೆಯೆಂದು ಯಾರೂ ಹೇಳಿಲ್ಲ, ಕೊಡಬೇಕಾದವರಿಗೆ ನೆನಪಿಸಿಕೊಳ್ಳುವ ಆತುರವಿಲ್ಲ. ಇಲ್ಲೂ ಅದೇ ಅಗಲಿಕೆ.

ಪೇಟೆಯವರು ಈ ಕಷ್ಟದಿಂದ ಪಾರಾಗಿದ್ದಾರೆ ಎಂದುಕೊಳ್ಳಬೇಡಿ. ಅಘನಾಶಿನಿ ಹುಟ್ಟುವುದು ಶಿರಸಿ ಪೇಟೆಯ ಶಂಕರಹೊಂಡದಲ್ಲಿ ಎಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅದೇ ಪೇಟೆ ಕುಡಿಯುವ ನೀರಿಗೆ ಕೆಂಗ್ರೆ ಹೊಳೆಗೂ ಕಾಡಿನಾಚೆಯ ಮಾರಿಗದ್ದೆಗೂ ಪಂಪು ಹಾಕಿ ಕೂತಿದೆ. ಏಪ್ರಿಲ್ ಬಂತೆಂದರೆ ಬಡಾವಣೆಗಳಲ್ಲಿ ಟ್ಯಾಂಕರಿನ ಮಾತು. ಪೇಟೆಯ ಹೊಂಡ, ಕೆರೆಗಳ ಹೂಳೆತ್ತಿದ್ದು ಹೆಚ್ಚಾಗಿ ಜೀವಜಲ ಕಾರ್ಯಪಡೆಯಂಥ ನಾಗರಿಕರ ಗುಂಪು. ಬಡಾವಣೆಯವರಲ್ಲಿ ಬಹುಪಾಲು ಜನ ಅದನ್ನು ಸುದ್ದಿಯಾಗಿ ಓದಿದರು, ನಾನೂ ಅವರಲ್ಲೊಬ್ಬ. ಮನೆ ಕಟ್ಟುವಾಗ ಕಾರಿಗೆ ಜಾಗ ಬಿಟ್ಟಿದ್ದೆವು, ಮಳೆನೀರಿಗೆ ಬಿಟ್ಟಿರಲಿಲ್ಲ.

ಮಳೆನೀರಿಗೆ ಜಾಗ ಬಿಡಲೇಬೇಕಾದ ಊರುಗಳೂ ಇವೆ. ಕ್ರಿಕೆಟ್ಟಿನಿಂದಾಗಿ ನಮಗೆ ಪರಿಚಯವಾದ ಕೆರಿಬಿಯನ್ ಸಮುದ್ರದಲ್ಲಿ, ಅಮೆರಿಕದ ಆಡಳಿತಕ್ಕೆ ಸೇರಿದ ವರ್ಜಿನ್ ದ್ವೀಪಗಳಿವೆ. ಗುಡ್ಡದ ಮೈಯಲ್ಲಿ ಚದುರಿದ ಮನೆಗಳು. ಅಲ್ಲಿ ಮನೆ ಕಟ್ಟುವವನು ಮಾಡಿನ ನೀರು ಹಿಡಿಯುವ ತೊಟ್ಟಿಯನ್ನೂ ಕಟ್ಟಬೇಕೆಂದು ಕಟ್ಟಡ ನಿಯಮವೇ ಹೇಳುತ್ತದೆ. 2017ರ ಸೆಪ್ಟೆಂಬರಿನಲ್ಲಿ ಇರ್ಮಾ, ಮರಿಯಾ ಎಂಬ ಎರಡು ಚಂಡಮಾರುತಗಳು ಸುಮಾರು ಎರಡು ವಾರದ ಅಂತರದಲ್ಲಿ ಬಡಿದು ವಿದ್ಯುತ್ ಜಾಲ ನೆಲಕಚ್ಚಿದಾಗ ಎಷ್ಟೋ ಮನೆ ತಿಂಗಳುಗಟ್ಟಲೆ ಕತ್ತಲಲ್ಲಿದ್ದವು. ಅದು ಸ್ವರ್ಗವೇನಲ್ಲ. ನಿಯಮ ಮಾತ್ರ ನೆಲದ ಸ್ವಭಾವ ನೋಡಿ ಬರೆದದ್ದು: ಪೈಪು ಹೋಗದ ಕಡೆ ಪೈಪಿನ ಸುಳ್ಳು ಹೇಳದೆ, ಕರೆಂಟಿಲ್ಲದಿದ್ದರೂ ಬಕೆಟು ಇಳಿಬಿಟ್ಟು ಎತ್ತಬಹುದಾದ ನೀರನ್ನು ಮನೆಯ ಬುಡದಲ್ಲೇ ಇಡಿ ಎಂಬುದು.

ನನ್ನ ವಾದಕ್ಕೆ ಅತ್ಯಂತ ಕಷ್ಟದ ಪ್ರಕರಣವೆಂದರೆ ಯಲ್ಲಾಪುರದ ಕಳಚೆ. 2021ರ ಜುಲೈನಲ್ಲಿ ಅಲ್ಲಿ ಗುಡ್ಡವೇ ಜಾರಿ ತೋಟ, ಮನೆ, ರಸ್ತೆಗಳನ್ನು ಒಯ್ದಿತು. ಇಂಥ ಕಡೆ ಮತ್ತೆ ಕಂಬ ನೆಡಬೇಕೆ, ಜನರನ್ನೇ ಬೇರೆಡೆ ಕೂರಿಸಬೇಕೆ? ಮಣ್ಣೇ ನಿಲ್ಲದ ಕಡೆ ಮನುಷ್ಯ ನಿಲ್ಲಬೇಕೆಂದು ನಾನು ಹೇಳಲಾರೆ. ಅಲ್ಲಿಯವರೇ ಪುನರ್ವಸತಿ ಕೇಳಿದರು. ಆದರೆ ಎಬ್ಬಿಸುವುದಿದ್ದರೆ ಭೂಮಿ ಕೊಟ್ಟು, ತೋಟಕ್ಕೆ ಬೆಲೆ ಕಟ್ಟಿ, ಮುಖ ನೋಡಿ ಹೇಳಿ ಎಬ್ಬಿಸಬೇಕು. ಲೈನು ಸರಿಮಾಡದೆ, ಸಂಕ ಕಟ್ಟದೆ, ರಾತ್ರಿ ವಸ್ತಿ ಬಸ್ಸು ನಿಲ್ಲಿಸಿ, ತಾನಾಗಿ ಬೇಸತ್ತು ಪೇಟೆಗೆ ಬರಲಿ ಎಂದು ಕಾಯುವುದೂ ಒಂದು ಬಗೆಯ ಎಬ್ಬಿಸುವಿಕೆಯೇ. ಅದಕ್ಕೆ ಪರಿಹಾರವೂ ಇಲ್ಲ, ಆದೇಶವೂ ಇಲ್ಲ. ಜಾರದ ಗುಡ್ಡಗಳ ಊರುಗಳಲ್ಲಿ ಈಗ ಸದ್ದಿಲ್ಲದೆ ನಡೆಯುತ್ತಿರುವುದು ಇದೇ. ಮಗ ಬೆಂಗಳೂರಿನಲ್ಲಿ, ಸೊಸೆ ಊರಿಗೆ ಬರಲು ಒಲ್ಲಳು, ತೋಟ ಗೇಣಿಗೆ, ದೊಡ್ಡ ಮನೆಯಲ್ಲಿ ಇಬ್ಬರು ಮುದುಕರು. ಲೈನಿನ ಅಡಿ ನಡೆದು ಕೊಂಬೆ ಹುಡುಕಲು ಹೋಗುವ ಆ ಇಬ್ಬರು ಕೂಡ ಎಪ್ಪತ್ತು ದಾಟಿದ್ದಾರೆ.

ಆದ್ದರಿಂದ ಊರಿನವರೇ ಮಾಡಿಕೊಳ್ಳಲಿ ಎಂಬ ಉಪದೇಶಕ್ಕೆ ಕಾಲ ಮೀರಿತು. ಬೇಕಾದದ್ದು ಸಂಬಳದ ಕೈ. ಒಂದೊಂದು ಪಂಚಾಯಿತಿಯಲ್ಲಿ ಅಲ್ಲಿಯದೇ ಹುಡುಗ, ಹುಡುಗಿಯರಿಗೆ ತರಬೇತಿ ಕೊಟ್ಟು, ವಿಮೆ ಮಾಡಿಸಿ, ಲೈನು ಬಂದ್ ಮಾಡಿದ ಖಾತರಿ ಸಿಕ್ಕ ಮೇಲೆ ಕೊಂಬೆ ಸವರುವ, ಪೈಪು ಕೂಡಿಸುವ, ಪಂಪು ನೋಡುವ ಅಧಿಕಾರ ಕೊಡಬೇಕು. ಕೊಳವೆಬಾವಿ ಕೊರೆಯುವ ಮೊದಲು ಮೇಲೆ ಒರತೆ ಇದೆಯೇ ಎಂದು ನೋಡಬೇಕು. ಇದ್ದರೆ ಅದರ ನೀರು ಬೆಟ್ಟದವನ ಮನೆಗೂ ಕೆಳಗಿನ ಕೇರಿಗೂ ಒಂದೇ ಅಳತೆಯ ಪೈಪಿನಲ್ಲಿ ಇಳಿಯಬೇಕು. ಎಷ್ಟು ನಲ್ಲಿ, ಎಷ್ಟು ಮೀಟರ್ ಎಂಬ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಅಂಕಣ ಬೇಕು: ಕೊನೆಯ ಕಂಬದ ಮನೆಯಲ್ಲಿ ಈ ತಿಂಗಳು ಎಷ್ಟು ದಿನ ಬೆಳಕಿತ್ತು, ಎಷ್ಟು ದಿನ ನೀರಿತ್ತು. ಬೇಡ್ತಿ ನದಿಯನ್ನು ವರದೆಗೆ ಜೋಡಿಸಿ ನೀರನ್ನು ಮೂಡಣಕ್ಕೆ ಒಯ್ಯುವ ಲೆಕ್ಕವನ್ನು ಕಾಗದದ ಮೇಲೆ ಹಾಕಬಲ್ಲ ಇಲಾಖೆಗಳಿಗೆ ಈ ಅಂಕಣ ತುಂಬುವುದು ಅಸಾಧ್ಯವೇನಲ್ಲ.

ಸದ್ಯಕ್ಕೆ ಇಷ್ಟು ದೊಡ್ಡದು ಆಗದಿದ್ದರೆ ಒಂದು ಸಣ್ಣ ಪ್ರಶ್ನೆಯಿದೆ. ಅಬ್ಬಿಯ ಬಾಯಿಗೆ ಕಟ್ಟಿದ ಎಲೆ ತೆಗೆಯಲು ಗುಡ್ಡ ಹತ್ತುವವನಿಗೆ ಒಂದು ದಿನದ ಕೂಲಿ ಕೊಡಬೇಕೆಂದರೆ ಪಂಚಾಯಿತಿ ಅದನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರೆಯುತ್ತದೆ? ಮುಂದಿನ ಗ್ರಾಮಸಭೆಯಲ್ಲಿ ಕೇಳಿ ನೋಡಬೇಕು, ಮಳೆ ಹಿಡಿಯುವುದರೊಳಗೆ.